ಹಲ್ಲು ಕಿತ್ತರೂ ಹೋಗದ ನೋವು

ಆಕೆಗೆ ನಲವತ್ತು ದಾಟಿತ್ತು. ಅಂಗುಳದ ಬಲಗಡೆ ಅಡಿಕೆಯಷ್ಟು ಗಂಟು. ಹುಣ್ಣಿಲ್ಲ, ರಕ್ತ ಇಲ್ಲ. ಬೇರಿನ ಕೀವು ಅಂದುಕೊಂಡು ಬೇರೆ ಕಡೆ ಎರಡು ದವಡೆ ಹಲ್ಲು ಕೀಳಿಸಿಕೊಂಡು ಬಂದಿದ್ದರು. ನೋವು ಹೋಗಿರಲಿಲ್ಲ.

"ಅಲ್ಲಿ ಜೋಮು ಹಿಡಿದ ಹಾಗೆ ಆಗುತ್ತೇನಮ್ಮಾ?" ಅಂತ ಕೇಳಿದೆ.

"ಹೌದು ಡಾಕ್ಟ್ರೇ, ಒಂದು ವರ್ಷ ಆಯ್ತು. ಬಿಸಿ ಕಾಫಿ ತಾಗಿದ್ದೂ ಆ ಕಡೆ ಗೊತ್ತಾಗಲ್ಲ. ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

ಹತ್ತಿಯ ಎಳೆಯಿಂದ ಮುಟ್ಟಿ ನೋಡಿದೆ. ಅಂಗುಳದ ಬಲಭಾಗ ಮರಗಟ್ಟಿತ್ತು. ಕೆನ್ನೆ, ಮೇಲ್ದುಟಿ ಸರಿಯಾಗಿದ್ದವು. ಹಲ್ಲಿನ ಕೀವು ಅಂಗುಳವನ್ನು ಹೀಗೆ ವರ್ಷಗಟ್ಟಲೆ ಮರಗಟ್ಟಿಸುವುದಿಲ್ಲ. ಗಂಟನ್ನು ಪೂರ್ತಿ ಕೆತ್ತದೆ ಒಂದು ಚೂರು ಮಾತ್ರ ಬಯಾಪ್ಸಿಗೆ ಕಳಿಸಿದೆ. ಪೂರ್ತಿ ತೆಗೆದುಬಿಟ್ಟರೆ ಅಂಚು ಎಲ್ಲಿತ್ತು ಅನ್ನೋದೇ ಆಮೇಲೆ ತಿಳಿಯಲ್ಲ.

ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮಾ ಅಂತ ರಿಪೋರ್ಟ್ ಬಂತು. ಅಂಗುಳದ ಸಣ್ಣ ಜೊಲ್ಲುಗ್ರಂಥಿಯಲ್ಲಿ ಹುಟ್ಟಿದ ಕ್ಯಾನ್ಸರ್. ತಲೆ, ಕುತ್ತಿಗೆಯ ಕ್ಯಾನ್ಸರ್‌ಗಳಲ್ಲಿ ಇದು ನೂರಕ್ಕೆ ಒಂದರಷ್ಟು. ಸೂಕ್ಷ್ಮದರ್ಶಕದಲ್ಲಿ ಜರಡಿಯ ಹಾಗೆ ತೂತು ತೂತು. ತೂತಿಲ್ಲದೆ ಗಟ್ಟಿಯಾಗಿ ತುಂಬಿಕೊಂಡಿದ್ದರೆ ಇನ್ನೂ ಕೆಟ್ಟದ್ದು. "ನಾನು ಎಲೆಅಡಿಕೆ ಕೂಡ ಮುಟ್ಟಿದವಳಲ್ಲ" ಅಂತ ಆಕೆ ಅತ್ತರು. ಇದಕ್ಕೂ ತಂಬಾಕಿಗೂ ಅಂಥ ನಂಟಿಲ್ಲ, ನಿಮ್ಮ ತಪ್ಪೇನೂ ಇಲ್ಲ ಅಂತ ಎರಡೆರಡು ಸಲ ಹೇಳಿದೆ.

ಈ ಕ್ಯಾನ್ಸರ್ ನರವನ್ನೇ ಹಿಡಿದು ತೆವಳುತ್ತದೆ. ಅಂಗುಳದಿಂದ ಮೇಲೆ ಹತ್ತಿ ತಲೆಬುರುಡೆಯ ತಳದಲ್ಲಿರುವ ಫೊರಾಮೆನ್ ರೊಟಂಡಮ್ ಎಂಬ ಕಿಂಡಿ ತಲುಪಿಬಿಡಬಹುದು. ಮೂಳೆ ಸವೆದದ್ದು ಸಿಟಿ ಸ್ಕ್ಯಾನಿನಲ್ಲಿ ಕಂಡಿತು. ನರಕ್ಕೆ ಅದು ಸಾಲದು, ಕಾಂಟ್ರಾಸ್ಟ್ (ಚಿತ್ರದಲ್ಲಿ ಸ್ಪಷ್ಟವಾಗಿ ಕಾಣಿಸಲೆಂದು ಕೊಡುವ ಔಷಧಿ) ಕೊಟ್ಟು ಎಂಆರ್‌ಐ ಮಾಡಿಸಲೇಬೇಕು. ನರ ದಪ್ಪವಾಗಿತ್ತು, ಆದರೆ ಕಿಂಡಿಯವರೆಗೆ ಹೋಗಿರಲಿಲ್ಲ. ಎದೆಯ ಸಿಟಿಯಲ್ಲೂ ಏನಿರಲಿಲ್ಲ.

ಆಪರೇಷನ್‌ಗೆ ಮೊದಲೇ ಬಾಯಿಯ ಅಚ್ಚು ತೆಗೆಸಿ, ಅಂಗುಳ ಮುಚ್ಚುವ ಪ್ಲೇಟ್ ಮಾಡಿಸಿಟ್ಟೆವು. ಆಬ್ಚುರೇಟರ್ ಅನ್ನುತ್ತೇವೆ. ಅದಿಲ್ಲದಿದ್ದರೆ ಕುಡಿದ ನೀರು ಮೂಗಿನಿಂದ ಬರುತ್ತದೆ, ಮಾತು ತಿಳಿಯುವುದಿಲ್ಲ. ಬಲ ಮೇಲ್ದವಡೆಯನ್ನು ತೆಗೆದೆ, ಕಣ್ಣಿನ ಕೆಳಗಿನ ಮೂಳೆ ಉಳಿಸಿದೆ. ಕತ್ತರಿಸಿದ ನರದ ತುದಿಯನ್ನು ಆಗಲೇ, ಹೆಪ್ಪುಗಟ್ಟಿಸಿ ಕೂಡಲೇ ಸೂಕ್ಷ್ಮದರ್ಶಕದಲ್ಲಿ ನೋಡುವ ಲ್ಯಾಬಿನ ಪರೀಕ್ಷೆಗೆ, ಅಂದರೆ ಫ್ರೋಜನ್ ಸೆಕ್ಷನ್‌ಗೆ ಕಳಿಸಿದೆ. ಕ್ಯಾನ್ಸರ್ ಇದೆ ಅಂದರು. ಇನ್ನೂ ಮೇಲೆ ಹೋಗಿ ಕತ್ತರಿಸಿದೆ. ಎರಡನೇ ಸಲ ಇಲ್ಲ ಅಂದರು. ಆ ಫೋನಿಗೆ ಕಾದ ಇಪ್ಪತ್ತು ನಿಮಿಷ ಥಿಯೇಟರಿನಲ್ಲಿ ಯಾರೂ ಮಾತಾಡಲಿಲ್ಲ.

ಗಾಯ ಮಾಗಿದ ಮೇಲೆ ಕೆಟ್ಟ ಹಲ್ಲುಗಳಿಗೆ ಚಿಕಿತ್ಸೆ ಮುಗಿಸಿ ರೇಡಿಯೇಷನ್ ಕೊಡಿಸಿದೆವು. 6 ವಾರ, 30 ಸಲ, ಒಟ್ಟು 60 ಗ್ರೇ (ವಿಕಿರಣದ ಅಳತೆ). ಕೀಮೋ ಯಾಕಿಲ್ಲ ಅಂತ ಮನೆಯವರು ಕೇಳಿದರು. ಈ ಕ್ಯಾನ್ಸರ್ ಅದಕ್ಕೆ ಜಾಸ್ತಿ ಬಗ್ಗುವುದಿಲ್ಲ.

ಐದು ವರ್ಷ ಆದಾಗ, "ಚೆನ್ನಾಗಿದೀನಲ್ಲ ಡಾಕ್ಟ್ರೇ, ಇನ್ನೂ ಯಾಕೆ ಬರಬೇಕು?" ಅಂದರು. ಹತ್ತು ವರ್ಷ ಕಳೆದ ಮೇಲೂ ಇದು ಶ್ವಾಸಕೋಶದಲ್ಲಿ ಕಾಣಿಸಿಕೊಳ್ಳಬಹುದು ಅಂತ ಸುಮ್ಮನೆ ಮುಚ್ಚಿಡದೆ ಹೇಳಿದೆ. ಈಗ ಎಂಟನೇ ವರ್ಷ. ಮುಂದಿನ ತಿಂಗಳು ಎದೆಯ ಸಿಟಿ ಇದೆ.