ದಾವಣಗೆರೆ ಬಿಸಿಲಲ್ಲಿ ಆಲ್ಫಾ ಕಣದ ಜಾಡು ಮೂಡಿಸಿದ ಬಗೆ

ವಿಕಿರಣದ ಕಣ ಹಾದ ಜಾಡನ್ನು ಆಲ್ಕೊಹಾಲ್ ಹನಿಗಳ ಗೆರೆಯಾಗಿ ತೋರಿಸುವ ಡಬ್ಬಿಯೇ ಕ್ಲೌಡ್ ಚೇಂಬರ್. ಡ್ರೈ ಐಸ್ (ಗಟ್ಟಿ ಇಂಗಾಲದ ಡೈಆಕ್ಸೈಡ್) ಇಲ್ಲದೆ ಅದು ಆಗೋದಿಲ್ಲ, ಅದರಲ್ಲೂ ದಾವಣಗೆರೆ ಸೆಕೆಗೆ ಪೆಲ್ಟಿಯರ್ (ಕರೆಂಟ್ ಕೊಟ್ಟರೆ ಒಂದು ಬದಿ ತಣ್ಣಗೆ, ಇನ್ನೊಂದು ಬದಿ ಬಿಸಿಯಾಗುವ ಬಿಲ್ಲೆ) ಸುಟ್ಟೇ ಹೋಗುತ್ತೆ ಎಂದವರೇ ಹೆಚ್ಚು. ಈಗ ಏಪ್ರಿಲ್‌ನ ಬೇಸಿಗೆ ಶಿಬಿರದಲ್ಲಿ, ಹೊರಗೆ 38 ಡಿಗ್ರಿ ಇದ್ದರೂ, ಎ.ಸಿ. ಇಲ್ಲದ ಕೋಣೆಯಲ್ಲಿ ಪೆಲ್ಟಿಯರ್‌ನಿಂದಲೇ ಚೇಂಬರಿನ ತಳದ ತಟ್ಟೆ ಮೈನಸ್ 30ರ ಆಸುಪಾಸಿಗೆ ಇಳಿಯುತ್ತದೆ. ಬಿಸಿ ಬದಿಯನ್ನು ತಂಪಾಗಿಡುವ ಮಾಮೂಲಿ ಐಸ್ ಇರುವಷ್ಟು ಹೊತ್ತೂ ಜಾಡು ಬರುತ್ತಲೇ ಇರುತ್ತದೆ. ಎಲ್ಲರೂ ತಣ್ಣನೆಯ ಬದಿಗೆ ತಲೆಕೆಡಿಸಿಕೊಳ್ಳುತ್ತಾರೆ. ಕೆಲಸ ಇರುವುದೆಲ್ಲ ಬಿಸಿ ಬದಿಯಲ್ಲಿ.

ಡ್ರೈ ಐಸ್ ದಾರಿ ನಮ್ಮ ಊರಿಗೆ ಸರಿಹೋಗುವುದಿಲ್ಲ. ಬೆಂಗಳೂರಿನಿಂದ ಥರ್ಮಾಕೋಲ್ ಡಬ್ಬಿಯಲ್ಲಿ ತರಿಸಿದರೂ ದಾರಿಯಲ್ಲೇ ಒಂದು ಪಾಲು ಆವಿಯಾಗುತ್ತದೆ. ಉಳಿದದ್ದು ಒಂದು ತರಗತಿಗೆ ಆಗುತ್ತದೆ, ಮರುದಿನಕ್ಕೆ ಇರುವುದಿಲ್ಲ. ಸಾಗಾಟದ ದುಡ್ಡಿನಲ್ಲೇ ನಾಲ್ಕೈದು ಪೆಲ್ಟಿಯರ್ ಬರುತ್ತವೆ.

ಬೇಕಾದದ್ದು: ಟಿಇಸಿ1-12706 ಪೆಲ್ಟಿಯರ್ ಎರಡು (ಒಂದಕ್ಕೆ 200-250 ರೂಪಾಯಿ, ಒಂದೆರಡು ಹೆಚ್ಚಿಗೆ ಇಟ್ಟುಕೊಳ್ಳಿ), 40 ಮಿ.ಮೀ. ಅಲ್ಯೂಮಿನಿಯಂ ವಾಟರ್ ಬ್ಲಾಕ್ (ಒಳಗೆ ನೀರು ಹರಿಯುವ ಲೋಹದ ತುಂಡು), ಕೂಲರ್ ಪಂಪ್, ಹಳೇ ಕಂಪ್ಯೂಟರಿನ ಎಸ್‌ಎಂಪಿಎಸ್ (12, 5 ವೋಲ್ಟ್ ಕೊಡುವ ಪವರ್ ಸಪ್ಲೈ), ಥರ್ಮಲ್ ಪೇಸ್ಟ್, 100 ಮಿ.ಲೀ. ಗಾಜಿನ ಬೀಕರ್, ತೆಳು ಫೆಲ್ಟ್ ಬಟ್ಟೆ, ಎಲ್‌ಇಡಿ ಟಾರ್ಚ್. ಥರ್ಮೋಕಪಲ್ (ಉಷ್ಣತೆ ಅಳೆಯುವ ತಂತಿ) ಇರುವ ಮಲ್ಟಿಮೀಟರ್ ಸೇರಿಸಿದರೆ ಎರಡೂವರೆಯಿಂದ ಮೂರು ಸಾವಿರ. ಮೀಟರ್ ದುಬಾರಿ ಅಂತ ಬಿಡಬೇಡಿ. ತಟ್ಟೆಯ ಉಷ್ಣತೆ ಗೊತ್ತಿಲ್ಲದಿದ್ದರೆ ತಪ್ಪು ಎಲ್ಲಿದೆ ಎಂದು ಹುಡುಕುವುದಕ್ಕೇ ಆಗುವುದಿಲ್ಲ.

ಎರಡು ಪೆಲ್ಟಿಯರ್ ಒಂದರ ಮೇಲೊಂದು. ಕೆಳಗಿನದಕ್ಕೆ 12 ವೋಲ್ಟ್, ಮೇಲಿನದಕ್ಕೆ 5 ವೋಲ್ಟ್. ಎರಡಕ್ಕೂ 12 ಕೊಟ್ಟರೆ ಇನ್ನೂ ತಣ್ಣಗಾಗುತ್ತದೆ ಎನ್ನುವುದು ಸಾಮಾನ್ಯ ನಂಬಿಕೆ. ಆಗುವುದು ತದ್ವಿರುದ್ಧ: ಮೇಲಿನದು ಹೊರಹಾಕುವ ಶಾಖವನ್ನೆಲ್ಲ ಕೆಳಗಿನದೇ ಎತ್ತಬೇಕು, ಅದಕ್ಕೆ ಅಷ್ಟು ತಾಕತ್ತಿಲ್ಲ, ತಟ್ಟೆ ಮತ್ತೆ ಬಿಸಿಯಾಗುತ್ತಾ ಬರುತ್ತದೆ. 5 ವೋಲ್ಟ್‌ನಲ್ಲಿ ಎಲ್ಲರಿಗೂ ಕೆಲಸ ಆಗುತ್ತದೆ. ನನ್ನ ಸೆಟ್‌ನಲ್ಲಿ ಮೇಲಿನದಕ್ಕೆ ಕೊಡುವ ವೋಲ್ಟೇಜ್ ಸ್ವಲ್ಪ ಬೇರೆ. ಅದನ್ನು ಇಲ್ಲಿ ಬಿಟ್ಟುಕೊಡುವುದಿಲ್ಲ.

ಕಂಪ್ಯೂಟರಿನ ಫ್ಯಾನ್-ಹೀಟ್‌ಸಿಂಕ್ ಹಾಕಿದವರೆಲ್ಲ ಸೋತದ್ದು ಬಿಸಿ ಬದಿಯಲ್ಲೇ. ಕೋಣೆಯೇ 36-38 ಇದ್ದಾಗ ಬಿಸಿ ಬದಿ 50ಕ್ಕೆ ಹೋಗುತ್ತದೆ, ತಟ್ಟೆ ಮೈನಸ್ 10ರಲ್ಲಿ ನಿಂತುಬಿಡುತ್ತದೆ. ಆಗ ಮಂಜಿನಂಥ ಹನಿ ಉದುರುತ್ತದೆ, ಜಾಡು ಮೂಡುವುದಿಲ್ಲ. ಜಾಡು ಶುರುವಾಗಲು ಮೈನಸ್ 25 ಆದರೂ ಬೇಕು. ಅದಕ್ಕೇ ಐಸ್ ನೀರು. ಥರ್ಮಾಕೋಲ್ ಪೆಟ್ಟಿಗೆಗೆ ಐಸ್ ಫ್ಯಾಕ್ಟರಿಯಿಂದ ತಂದ ಐದು ಕೆಜಿ ಚೂರು ಐಸ್, ಪಂಪ್ ಮುಳುಗುವಷ್ಟು ನೀರು, ಅಲ್ಲಿಂದ ಪೈಪ್ ವಾಟರ್ ಬ್ಲಾಕಿಗೆ, ಮತ್ತೆ ಪೆಟ್ಟಿಗೆಗೆ. ಎರಡೂ ಪೆಲ್ಟಿಯರ್ ಸೇರಿ 65 ವ್ಯಾಟ್ ಹತ್ತಿರ ಎಳೆಯುತ್ತವೆ. ಅಷ್ಟು ಶಾಖಕ್ಕೆ ಗಂಟೆಗೆ ಮುಕ್ಕಾಲು ಕೆಜಿ ಐಸ್ ಕರಗುತ್ತದೆ. ಪಂಪ್, ಪೈಪ್, ಹೊರಗಿನ ಸೆಕೆ ಸೇರಿಸಿ ಒಂದು ಕೆಜಿ ಹಿಡಿಯಿರಿ. ಬೆಳಗಿನ ತರಗತಿಗಳೆಲ್ಲ ಐದು ಕೆಜಿಯಲ್ಲಿ ಮುಗಿಯುತ್ತವೆ.

ಪಂಪ್ ಮೊದಲು, ಆಮೇಲೆ ಕೆಳಗಿನ ಪೆಲ್ಟಿಯರ್, ಎರಡು ನಿಮಿಷ ಬಿಟ್ಟು ಮೇಲಿನದು. ಪಂಪ್‌ಗೆ ಕಸ ಸಿಕ್ಕಿ ನೀರು ನಿಂತರೆ ಪೆಲ್ಟಿಯರ್ ಒಳಗಿನ ಬೆಸುಗೆಯೇ ಕರಗುತ್ತದೆ, ಅದಕ್ಕೆ ಪಂಪಿಗೆ ಬಟ್ಟೆ ಸುತ್ತಿ. ಪೇಸ್ಟ್ ತೆಳ್ಳಗಿರಲಿ, ದಪ್ಪ ಮೆತ್ತಿದರೆ ನಾಲ್ಕೈದು ಡಿಗ್ರಿ ಅಲ್ಲೇ ಹೋಗುತ್ತದೆ. ಸ್ಕ್ರೂ ಒಂದೇ ಮೂಲೆ ಬಿಗಿ ಮಾಡಿದರೆ ಪಿಂಗಾಣಿ ಬಿರಿಯುತ್ತದೆ. ಎದುರುಬದುರು ಮೂಲೆಗಳನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತಾ ಬನ್ನಿ.

ಮೇಲಿನ ಪೆಲ್ಟಿಯರ್ ಮೇಲೆ ಕೂರುವ ತಟ್ಟೆ 1 ಮಿ.ಮೀ. ತಾಮ್ರ, ಕಪ್ಪಾಗಿರಬೇಕು. ಸ್ಪ್ರೇ ಪೇಂಟ್ ಆಲ್ಕೊಹಾಲಿಗೆ ಸುಲಿದುಬರುತ್ತದೆ, ಕಪ್ಪು ಇನ್ಸುಲೇಷನ್ ಟೇಪ್ ಒಂದೇ ಪದರ ಸಾಕು. ತಟ್ಟೆಯ ಸುತ್ತ ಥರ್ಮಾಕೋಲ್ ರಿಂಗ್, ಅದರ ಮೇಲೆ ಬೀಕರ್ ಬೋರಲು. ಬೀಕರಿನ ತಳ ಈಗ ಮೇಲೆ ಬಂತಲ್ಲ, ಅದಕ್ಕೆ ಒಳಗಿನಿಂದ ಫೆಲ್ಟ್. ಅದು ಕಳಚಿ ಬೀಳದಂತೆ ನಿಲ್ಲಿಸುವ ಉಪಾಯ ನೋಡಲು ಬಂದವರಿಗೆ ತೋರಿಸುತ್ತೇನೆ. ಅಕ್ರಿಲಿಕ್ ಡಬ್ಬಿ ಬೇಡ, ಆಲ್ಕೊಹಾಲ್ ತಾಗಿ ಬಿರುಕು ಬಿಡುತ್ತದೆ. ಫೆಲ್ಟ್‌ಗೆ 99% ಐಸೊಪ್ರೊಪೈಲ್ ಆಲ್ಕೊಹಾಲ್, ಮೊಬೈಲ್ ರಿಪೇರಿ ಅಂಗಡಿಯವರು ಬೋರ್ಡ್ ತೊಳೆಯುವುದು ಅದರಿಂದಲೇ. ಸ್ಯಾನಿಟೈಸರ್‌ನಲ್ಲಿ ನೀರು ಹೆಚ್ಚು. ತಟ್ಟೆಯ ಮೇಲೆ ಬಿಳಿ ಹಿಮ ಕಟ್ಟುತ್ತದೆ, ಏನೂ ಕಾಣುವುದಿಲ್ಲ. ಟಾರ್ಚ್ ಅಡ್ಡಲಾಗಿ, ತಟ್ಟೆಯಿಂದ ಒಂದು ಸೆಂ.ಮೀ. ಎತ್ತರದಲ್ಲಿ. ಜಾಡು ಹುಟ್ಟುವ ಪದರ ಅಷ್ಟೇ ದಪ್ಪ.

ಹತ್ತು ನಿಮಿಷಕ್ಕೆ ಮಳೆಯಂಥ ಹನಿ, ಆಮೇಲೆ ಗೆರೆಗಳು. ದಪ್ಪಗೆ, ಗಿಡ್ಡಗೆ, ನೇರ ಇದ್ದರೆ ಆಲ್ಫಾ, ಅಂದರೆ ವಿಕಿರಣಶೀಲ ಪರಮಾಣು ಉಗುಳುವ ಹೀಲಿಯಂ ನ್ಯೂಕ್ಲಿಯಸ್. ತೆಳ್ಳಗೆ ಸೊಟ್ಟಸೊಟ್ಟ ಹೋದರೆ ಎಲೆಕ್ಟ್ರಾನ್. ಗೆರೆ ಮಸುಕಾದರೆ ಪಿವಿಸಿ ಪೈಪನ್ನು ಉಣ್ಣೆಗೆ ತಿಕ್ಕಿ ಬೀಕರ್ ಮೇಲೆ ಹಿಡಿಯಿರಿ. ಹಳೇ ಅಯಾನುಗಳು ಸರಿದು ಒಳಗೆ ತಿಳಿಯಾಗುತ್ತದೆ. ನಮ್ಮ ಒಣ ಬೇಸಿಗೆಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ, ಮಳೆಗಾಲದಲ್ಲಿ ಪೈಪ್‌ಗೆ ಆವೇಶವೇ ನಿಲ್ಲುವುದಿಲ್ಲ. ಸೊಳ್ಳೆ ಬ್ಯಾಟಿನ ಸರ್ಕ್ಯೂಟ್ ಹಾಕುವವರಿದ್ದಾರೆ. ಆಲ್ಕೊಹಾಲ್ ಆವಿಯಲ್ಲಿ ಕಿಡಿ ಹಾರಿದರೆ ಬೆಂಕಿ, ಮಕ್ಕಳ ಮುಂದೆ ಅದು ಬೇಡವೇ ಬೇಡ.

ಆಲ್ಫಾ ಮೂಲಕ್ಕೆ ಟಿಐಜಿ ವೆಲ್ಡಿಂಗ್‌ನವರ ಕೆಂಪು ತುದಿಯ ಟಂಗ್‌ಸ್ಟನ್ ಕಡ್ಡಿ, ಅದರಲ್ಲಿ 2% ಥೋರಿಯಂ ಆಕ್ಸೈಡ್, ಆಲ್ಫಾ ಉಗುಳುವುದು ಆ ಥೋರಿಯಂ. ಉಜ್ಜಬೇಡಿ, ಕತ್ತರಿಸಬೇಡಿ, ಧೂಳು ಒಳಗೆ ಹೋದರೆ ಅಪಾಯ. ಇಡೀ ಕಡ್ಡಿಯನ್ನೇ ರಿಂಗ್‌ನ ತೂತಿನಿಂದ ತೂರಿಸಿ, ತಟ್ಟೆಗಿಂತ ಅರ್ಧ ಸೆಂ.ಮೀ. ಮೇಲಿರಲಿ. ಹೊಗೆ ಡಿಟೆಕ್ಟರ್ ಬಿಚ್ಚಿ ಒಳಗಿನ ವಿಕಿರಣಶೀಲ ಅಮೆರಿಸಿಯಂ ತೆಗೆಯುವ ಸಾಹಸ ಯಾರೂ ಮಾಡಬೇಡಿ.

ಪೆಟ್ರೋಮ್ಯಾಕ್ಸ್‌ನ ಹಳೇ ಮ್ಯಾಂಟಲ್ ಸಿಕ್ಕಿದರೆ ಇನ್ನೂ ಒಳ್ಳೆಯದು. ಈಗಿನ ಕೆಲವದರಲ್ಲಿ ಥೋರಿಯಂ ಇಲ್ಲ, ಹಾಗಾಗಿ ಪರೀಕ್ಷೆ ಮಾಡಿ. ನಮ್ಮೂರಲ್ಲಿ ಹಲ್ಲಿನ ಡಾಕ್ಟರರಿಗೆ ಬರವಿಲ್ಲ, ಹಲ್ಲಿನ ಎಕ್ಸ್-ರೇ ಫಿಲ್ಮ್ ಕೇಳಿದರೆ ಕೊಡುತ್ತಾರೆ. ಪ್ಯಾಕೆಟ್ ಬಿಚ್ಚದೆ, ಬಿಳಿ ಬದಿಗೆ ಮ್ಯಾಂಟಲ್ ಒತ್ತಿ ವಾರ ಹತ್ತು ದಿನ ಕತ್ತಲಲ್ಲಿಟ್ಟು ತೊಳೆಸಿ. ಥೋರಿಯಂ ಇದ್ದರೆ ಕಪ್ಪಾಗುತ್ತದೆ. ಬೆಕೆರೆಲ್ 1896ರಲ್ಲಿ ಯುರೇನಿಯಂ ಲವಣದಲ್ಲಿ ಕಂಡದ್ದು ಇದೇ.

ಉರಿಸದ ಮ್ಯಾಂಟಲ್‌ಗಳನ್ನು ಹಿಚುಕುವ ಪ್ಲಾಸ್ಟಿಕ್ ಬಾಟಲಿಗೆ ತುಂಬಿ, ಬಾಯಿಗೆ ಹತ್ತಿ ಸಿಕ್ಕಿಸಿ ಮುಚ್ಚಿಡಿ. ಒಂದು ಗಂಟೆ ಬಿಟ್ಟು ಸಣ್ಣ ನಳಿಕೆಯಿಂದ ಒಂದೇ ಒಂದು ಹಿಚುಕು ಚೇಂಬರ್ ಒಳಗೆ ಬಿಟ್ಟರೆ ಗೆರೆಗಳ ಸುರಿಮಳೆ. ಅದು ಥೋರಾನ್, ಥೋರಿಯಂನಿಂದ ಹುಟ್ಟುವ ವಿಕಿರಣಶೀಲ ಅನಿಲ. ಅದರ ಅರ್ಧಾಯುಷ್ಯ (ಅರ್ಧ ಪರಮಾಣುಗಳು ಕ್ಷಯಿಸಲು ಹಿಡಿಯುವ ಹೊತ್ತು) 55.6 ಸೆಕೆಂಡ್. ನಿಮಿಷಕ್ಕೊಮ್ಮೆ ಎಣಿಸಿ ಬರೆದರೆ ಎಣಿಕೆ ಅರ್ಧಕ್ಕರ್ಧ ಇಳಿಯುವುದನ್ನು ಮಕ್ಕಳೇ ಹೇಳುತ್ತಾರೆ. ಹತ್ತಿರದಿಂದ ನೋಡಿದರೆ ಕೆಲವು ಜಾಡು ಒಂದೇ ಬಿಂದುವಿನಿಂದ ಇಬ್ಭಾಗವಾಗಿ ಹೊರಟಿರುತ್ತವೆ. ಥೋರಾನ್ ಒಂದು ಆಲ್ಫಾ ಉಗುಳಿ ಪೊಲೊನಿಯಂ-216 ಆಗುತ್ತದೆ, ಅದರ ಅರ್ಧಾಯುಷ್ಯ 0.15 ಸೆಕೆಂಡಿಗೂ ಕಡಿಮೆ, ಅಲ್ಲೇ ನಿಂತು ಇನ್ನೊಂದು ಉಗುಳುತ್ತದೆ. ಒಂದೇ ಪರಮಾಣು ಎರಡು ಸಲ ಬೇರೆ ಧಾತುವಾಗಿದ್ದು ಕಣ್ಣೆದುರು! ಡಾಲ್ಟನ್‌ನ ಒಡೆಯದ ಪರಮಾಣು ಅಲ್ಲಿಗೆ ಮುಗಿಯಿತು, ಬೋರ್ಡ್ ಮೇಲೆ ಏನೂ ಬರೆಯಬೇಕಿಲ್ಲ. ಹಿಂದೆ ಉಳಿಯುವ ಸೀಸ-212 ಹತ್ತೂವರೆ ಗಂಟೆ ಅರ್ಧಾಯುಷ್ಯದ್ದು, ಗಾಜಿಗೆ ಅಂಟುತ್ತದೆ. ಬೀಕರ್ ಒರೆಸದಿದ್ದರೆ ಮರುದಿನ ಮೂಲವಿಲ್ಲದೆಯೂ ಆಲ್ಫಾ ಬರುತ್ತದೆ. ಬಾಟಲಿ ಹಿಚುಕುವಾಗ ಕಿಟಕಿ ತೆಗೆದಿರಲಿ, ಗಾಳಿ ಮೂಗಿಗೆ ಬರದಿರಲಿ.

ಆಯಸ್ಕಾಂತ ಇಟ್ಟು ಆಲ್ಫಾ ಬಾಗಿಸುವ ಪ್ರಯತ್ನವೂ ಮಾಡಿದೆ. ನಿಯೋಡಿಮಿಯಂ ತುಂಡು 0.3 ಟೆಸ್ಲಾ ಕೊಟ್ಟರೂ ಜಾಡು ಬಾಗುವ ವೃತ್ತದ ತ್ರಿಜ್ಯ ಒಂದು ಮೀಟರ್ ಬರುತ್ತದೆ, ನಾಲ್ಕು ಸೆಂ.ಮೀ. ತಟ್ಟೆಯಲ್ಲಿ ಬಾಗು ಕಾಣುವುದೇ ಇಲ್ಲ.

ಆಲ್ಫಾ ಕಂಡ ಮೇಲೆ, ಆಲ್ಫಾ ಚಿಮ್ಮುವುದರಿಂದಲೇ ಕಾಣದ ನ್ಯೂಕ್ಲಿಯಸ್ಸನ್ನು ಊಹಿಸಿದ ರುದರ್‌ಫೋರ್ಡ್‌ನ ಪ್ರಯೋಗ ತಿಳಿಸಲು ಗೋಲಿ ಆಟ. 60 ಸೆಂ.ಮೀ. ಅಗಲದ ಹಲಗೆಯಡಿ ಆರು ಗೋಲಿಗಳನ್ನು ಒಂದು ಸಾಲಿನಲ್ಲಿ ಅಂಟಿಸಿ ಮರೆಮಾಡಿ, ಅಂತರ ನಾಲ್ಕು ಸೆಂ.ಮೀ.ಗೆ ಕಡಿಮೆ ಬೇಡ. ಮಕ್ಕಳು ಗುರಿಯಿಡದೆ ಅಗಲಕ್ಕೂ ನೂರು ಸಲ ಉರುಳಿಸಲಿ. 1.6 ಸೆಂ.ಮೀ. ಗೋಲಿಯಾದರೆ 32ರ ಸುತ್ತ ಬಡಿತ ಬರಬೇಕು. ಗೋಲಿಯ ವ್ಯಾಸ = ಹಲಗೆಯ ಅಗಲ × ಬಡಿತ ÷ (2 × ಅಡಗಿದ ಗೋಲಿಗಳ ಸಂಖ್ಯೆ × ಉರುಳಿಸಿದ ಸಲ). ಆ 2 ಮರೆತರೆ ಉತ್ತರ ದುಪ್ಪಟ್ಟು, ಯಾಕೆಂದರೆ ಉರುಳುವ ಗೋಲಿಗೂ ದಪ್ಪವಿದೆ. ರುದರ್‌ಫೋರ್ಡ್ ಜೊತೆಗಿದ್ದ ಗೈಗರ್, ಮಾರ್ಸ್‌ಡೆನ್ 1909ರಲ್ಲಿ ನೋಡಿದ್ದು ಲೋಹಕ್ಕೆ ಬಡಿದ ಸುಮಾರು 8,000ಕ್ಕೆ ಒಂದು ಆಲ್ಫಾ ಹಿಂದಕ್ಕೆ ಚಿಮ್ಮಿದ್ದನ್ನು. ಕ್ಲೌಡ್ ಚೇಂಬರ್ ಕಂಡುಹಿಡಿದ ವಿಲ್ಸನ್‌ಗೆ ತನ್ನ ಚೇಂಬರ್‌ನಲ್ಲಿ ಮೊದಲ ಜಾಡು ಸಿಕ್ಕಿದ್ದೂ ರುದರ್‌ಫೋರ್ಡ್ ನ್ಯೂಕ್ಲಿಯಸ್ ಪ್ರಕಟಿಸಿದ್ದೂ 1911ರಲ್ಲೇ. ನಮ್ಮ ತಟ್ಟೆಯಲ್ಲಿ ಒಂದು ಆಲ್ಫಾ ಮುರಿದು ತಿರುಗಲಿ ಎಂದು ಮಕ್ಕಳು ಕಾಯುತ್ತಾರೆ. ಅದು ಎಷ್ಟು ಅಪರೂಪ ಎನ್ನಲು, ಚೇಂಬರ್‌ನ ಜಾಡುಗಳ ಫೋಟೊ ತೆಗೆದ ವಿಜ್ಞಾನಿ ಬ್ಲ್ಯಾಕೆಟ್‌ನ ಲೆಕ್ಕ ಹೇಳಿ: 23,000 ಫೋಟೊ, ನಾಲ್ಕು ಲಕ್ಷ ಜಾಡು, ಅದರಲ್ಲಿ ನೈಟ್ರೋಜನ್ ನ್ಯೂಕ್ಲಿಯಸ್ ಆಕ್ಸಿಜನ್ ಆದದ್ದು ಎಂಟು, 1925ರಲ್ಲಿ.

ಮುಗಿದ ಮೇಲೆ ಮೊದಲು ಮೇಲಿನ ಪೆಲ್ಟಿಯರ್, ಆಮೇಲೆ ಕೆಳಗಿನದು, ಪಂಪ್ ಐದು ನಿಮಿಷ ತಡವಾಗಿ ಆರಿಸಿ. ತಟ್ಟೆ ಕೋಣೆಯ ಉಷ್ಣತೆಗೆ ಬಂದ ಮೇಲೆ ನೀರಿನ ಪಸೆ ಒರೆಸದಿದ್ದರೆ ಅಂಚಿನಿಂದ ತೇವ ಒಳಸೇರಿ ಪೆಲ್ಟಿಯರ್ ಒಂದೇ ಬೇಸಿಗೆಗೆ ಸಾಯುತ್ತದೆ. ಅಂಚಿಗೆ ಸಿಲಿಕೋನ್ ಹಚ್ಚಿದ್ದು ಎರಡನೇ ವರ್ಷವೂ ನಡೆಯುತ್ತಿದೆ.