ಮೈಸೂರು ಸ್ಟೇಷನ್‌ನಲ್ಲಿ ಇಳಿದ್ಮೇಲೆ ಆಟೋ ಬುಕ್ ಮಾಡೋ ಮುಂಚೆ
ಮೈಸೂರು ರೈಲ್ವೆ ಸ್ಟೇಷನ್‌ನಲ್ಲಿ ಇಳಿದ ತಕ್ಷಣ ಓಲಾನೋ ಊಬರೋ ಬುಕ್ ಮಾಡ್ಬೇಡಿ, ಆ್ಯಪ್‌ನಲ್ಲಿ ರೇಟು ನೋಡ್ಕೊಂಡು ಪ್ರೀಪೇಯ್ಡ್ ಆಟೋ ಕೌಂಟರ್‌ನಲ್ಲೂ ಒಂದ್ಸಲ ಕೇಳಿ, ಯಾವ್ದು ಕಮ್ಮಿನೋ ಅದ್ರಲ್ಲಿ ಹೋಗಿ. ಬೆಂಗಳೂರು ಟ್ರೈನ್ ಬಂದಾಗ ಎಲ್ರೂ ಒಟ್ಟಿಗೆ ಫೋನ್ ತೆಗೀತಾರಲ್ಲ, ಡಿಮ್ಯಾಂಡ್ ಏರಿದ ಹಾಗೆ ಆ್ಯಪ್ ರೇಟೂ ಏರತ್ತೆ, ಮಳೆ ಬಂದ್ರಂತೂ ಕೇಳೋದೇ ಬೇಡ, ಆದ್ರೆ ಕೌಂಟರ್ ರೇಟು ಸಾರಿಗೆ ಪ್ರಾಧಿಕಾರ ಫಿಕ್ಸ್ ಮಾಡಿರೋ ಕಿಲೋಮೀಟರ್ ಲೆಕ್ಕದ ಮೇಲೆ, ಜನ ಎಷ್ಟಿದ್ರೂ ಅಷ್ಟೇ. ಕೌಂಟರ್‌ನಲ್ಲಿ ಕೊಡೋ ಚೀಟೀಲಿ ಗಾಡಿ ನಂಬರ್ ಸರಿಯಾಗಿದ್ಯಾ ನೋಡ್ಕೊಳ್ಳಿ, ಮನೆ ಹತ್ರ ಇಳಿಯೋವರೆಗೂ ಅದನ್ನ ಕೈಯಲ್ಲೇ ಇಟ್ಕೊಳ್ಳಿ, ಹೆಣ್ಮಕ್ಕಳು ಒಬ್ಬರೇ ಹೋಗ್ತಿದ್ರೆ ಒಂದು ಫೋಟೋ ತೆಗೆದು ಮನೆಯೋರಿಗೆ ಕಳಿಸ್ಬಿಡಿ. ಮಧ್ಯಾಹ್ನ ಸ್ಟೇಷನ್ ಖಾಲಿ ಇರೋ ಹೊತ್ತಲ್ಲಿ ಕೌಂಟರ್‌ನಿಂದ ಏನೂ ಲಾಭ ಇಲ್ಲ, ಆಗ ಎಷ್ಟೋ ಸಲ ಆ್ಯಪೇ ಕಮ್ಮಿ ಬೀಳತ್ತೆ. ರಾತ್ರಿ ಲೇಟಾಗಿ ಬಂದ್ರೆ ಮೀಟರ್ ಲೆಕ್ಕವೇ ಒಂದೂವರೆ ಪಟ್ಟು, ಕೌಂಟರ್ ಮುಚ್ಚಿದ್ರೂ ಮುಚ್ಚಿರಬಹುದು. ಶ್ರೀರಂಗಪಟ್ಟಣ, ನಂಜನಗೂಡಿನ ಕಡೆ ಹೋಗೋರಿಗೆ ಇದು ಆಗಲ್ಲ, ಬಸ್ಸೇ ವಾಸಿ.