ಹಳೆಯ ಅಮೆರಿಕನ್ ಬ್ಯಾಂಕ್ ನೋಟು: ಇಸವಿ ನೋಡಿ ಬೆಲೆ ಕಟ್ಟಬೇಡಿ

ಅಮೆರಿಕದಲ್ಲಿರುವ ನಮ್ಮವರು ಆಗಾಗ ಹಳೆಯ ‘ನ್ಯಾಷನಲ್ ಬ್ಯಾಂಕ್’ ನೋಟಿನ, ಅಂದರೆ ಒಂದೊಂದು ಬ್ಯಾಂಕು ತನ್ನ ಹೆಸರಿನಲ್ಲೇ ಹೊರಡಿಸಿದ ನೋಟಿನ ಫೋಟೊ ಕಳಿಸುತ್ತಾರೆ. ‘1902ರದ್ದು, ಎಷ್ಟು ಸಿಗಬಹುದು?’ ಎಂದು ಕೇಳುತ್ತಾರೆ. ಎಡವುವುದು ಅಲ್ಲೇ. 1902ರ ಸರಣಿಯ ನೋಟುಗಳು 1929ರವರೆಗೂ ಅಚ್ಚಾಗಿವೆ. ಇಸವಿಯಿಂದ ಬೆಲೆ ಗೊತ್ತಾಗುವುದಿಲ್ಲ.

ಮೊದಲು ಅಳತೆ ನೋಡಿ. ಏಳು ಇಂಚಿಗಿಂತ ಉದ್ದವಿದ್ದರೆ ಹಳೆಯ ದೊಡ್ಡ ನೋಟು. ಈಗಿನ ಡಾಲರಿನಷ್ಟೇ ಇದ್ದು, ಕಂದು ಮುದ್ರೆ ಇದ್ದರೆ 1929ರ ಸರಣಿ.

ಈಗ ಬ್ಯಾಂಕು ಯಾವುದೆಂದು ಹುಡುಕಿ. ಇಲ್ಲಿ ಅವಸರ ಬೇಡ. 1863ರಿಂದ 1935ರವರೆಗೆ ಸಾವಿರಾರು ಬ್ಯಾಂಕುಗಳು ಸರ್ಕಾರಿ ಬಾಂಡುಗಳನ್ನು ಖಜಾನೆಯಲ್ಲಿ ಇಟ್ಟು, ತಮ್ಮದೇ ಹೆಸರಿನಲ್ಲಿ ನೋಟು ಹೊರಡಿಸಿದವು. ‘ಫಸ್ಟ್ ನ್ಯಾಷನಲ್ ಬ್ಯಾಂಕ್’ ಎಂಬ ಹೆಸರು ಊರೂರಲ್ಲೂ ಇತ್ತು. ಹಾಗಾಗಿ ಹೆಸರನ್ನಷ್ಟೇ ನಂಬಬೇಡಿ. ಊರು, ರಾಜ್ಯ, ಚಾರ್ಟರ್ ಸಂಖ್ಯೆ (ಸರ್ಕಾರ ಒಂದೊಂದು ಬ್ಯಾಂಕಿಗೂ ಕೊಟ್ಟ ಪರವಾನಗಿ ಸಂಖ್ಯೆ), ಈ ಮೂರನ್ನೂ ಬರೆದುಕೊಳ್ಳಿ. ದೊಡ್ಡ ನೋಟಿನ ಮುಖದ ಮೇಲೆ ಈ ಸಂಖ್ಯೆ ಎದ್ದು ಕಾಣುತ್ತದೆ. 1874ಕ್ಕೂ ಹಿಂದಿನ ಬಹುತೇಕ ನೋಟುಗಳಲ್ಲಿ ಇರುವುದಿಲ್ಲ. 1929ರ ಸರಣಿಯಲ್ಲಿ ಕಪ್ಪು ಶಾಯಿಯಲ್ಲಿ ಎರಡು ಸಲ ಇದ್ದರೆ ಅದು ಟೈಪ್ 1. ಜೊತೆಗೆ ಕಂದು ಶಾಯಿಯಲ್ಲಿ ಇನ್ನೆರಡು ಸಲ ಇದ್ದರೆ ಟೈಪ್ 2. ಸಂಖ್ಯೆಯ ಬದಲು ಎ ಯಿಂದ ಎಲ್ ವರೆಗಿನ ಒಂದು ಅಕ್ಷರವಿದ್ದರೆ ಅದು ಫೆಡರಲ್ ರಿಸರ್ವ್ ಬ್ಯಾಂಕಿನ (ಅಮೆರಿಕದ ಕೇಂದ್ರ ಬ್ಯಾಂಕ್ ವ್ಯವಸ್ಥೆಯ) ನೋಟು. ಬೇರೆಯೇ ಜಾತಿ. ಅದಕ್ಕೂ ನ್ಯಾಷನಲ್ ಬ್ಯಾಂಕ್ ನೋಟಿನಂತೆ ‘ನ್ಯಾಷನಲ್ ಕರೆನ್ಸಿ’ ಎಂದೇ ತಲೆಬರಹ, ಕಂದು ಮುದ್ರೆ. ಅದಕ್ಕೇ ಜನ ಮೋಸ ಹೋಗುತ್ತಾರೆ.

ಆ ಬ್ಯಾಂಕಿನ ಎಷ್ಟು ನೋಟು ಉಳಿದಿವೆ ಎಂಬುದೇ ಬೆಲೆಯ ಬೇರು. ಸಂಗ್ರಾಹಕರು ಚಾರ್ಟರ್ ಸಂಖ್ಯೆಯ ಪ್ರಕಾರ ಲೆಕ್ಕ ಇಟ್ಟಿದ್ದಾರೆ. ಷಿಕಾಗೊದಂಥ ಊರಿನ ದೊಡ್ಡ ಬ್ಯಾಂಕಿನ ನೋಟು ಜಾಸ್ತಿ ಸಿಗುತ್ತದೆ. ಸಣ್ಣ ಊರಿನ ಬ್ಯಾಂಕಿನದು ಮೂರೋ ನಾಲ್ಕೋ ಉಳಿದಿರಬಹುದು. ಎರಡೂ ಹತ್ತು ಡಾಲರಿನದೇ, ಒಂದೇ ಸರಣಿಯದೇ ಆದರೂ ಮೊದಲನೆಯದಕ್ಕೆ ನೂರರ ಆಸುಪಾಸು, ಎರಡನೆಯದಕ್ಕೆ ಸಾವಿರಾರು ಡಾಲರ್ ಬರಬಹುದು. ಅರಿಜೋನ, ನ್ಯೂ ಮೆಕ್ಸಿಕೊ ರಾಜ್ಯಗಳಾಗುವ ಮೊದಲು, ಅಂದರೆ 1912ಕ್ಕೂ ಹಿಂದೆ, ‘ಟೆರಿಟರಿ’ ಎಂದು ಅಚ್ಚಾದ ನೋಟು ಸಿಕ್ಕರೆ ಜೋಪಾನವಾಗಿಡಿ, ಅಂಥವು ಅಪರೂಪ.

ನೋಟನ್ನು ತೊಳೆಯಬೇಡಿ, ಟೇಪ್ ಅಂಟಿಸಬೇಡಿ. ಮಡಿಕೆ ಹೋಗಲಿ ಎಂದು ಇಸ್ತ್ರಿ ಮಾಡಿದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಾಗದದ ಜೀವವೇ ಹೋಗಿತ್ತು. ಅಗ್ಗದ ಪಿವಿಸಿ ಕವರೂ ಬೇಡ, ಅದು ಕ್ರಮೇಣ ಅಂಟಂಟಾಗಿ ನೋಟನ್ನೇ ಕೆಡಿಸುತ್ತದೆ. ಪಾಲಿಯೆಸ್ಟರ್ ಕವರನ್ನೇ ಕೊಳ್ಳಿ.

ಕೊನೆಗೆ ಬೆಲೆ. ಮಾರುವವರು ಹೇಳುವ ರೇಟು ಸುಮ್ನೆ ಓದಿ ಬಿಟ್ಟುಬಿಡಿ. ಅದೇ ಚಾರ್ಟರಿನ, ಅದೇ ಬಗೆಯ, ಅಷ್ಟೇ ಸವೆದ ನೋಟು ಹರಾಜಿನಲ್ಲಿ ನಿಜವಾಗಿ ಎಷ್ಟಕ್ಕೆ ಹೋಯಿತು ಎಂದು ನೋಡಿ.